ಹಳೆಯ ಹೈಬ್ರಿಡ್ ಕಾರಿನ ಕಿರ್ದಿ

ನಮ್ಮ ಮನೆಗಳಲ್ಲಿ ಹೊಸ ವಾಹನವೊಂದು ಅಂಗಳಕ್ಕೆ ಬಂದು ನಿಂತರೆ, ತೆಂಗಿನಕಾಯಿ ಒಡೆದು ಪೂಜೆ ಮುಗಿಯುವ ಮೊದಲೇ ನೆರೆಹೊರೆಯವರು ಕೇಳುವ ಪ್ರಶ್ನೆ ಒಂದೇ: “ಲೀಟರಿಗೆ ಎಷ್ಟು ಕೊಡತದರೀ?” ಕೇಳುವವರಿಗೆ ಒಂದು ಅಂಕಿ ಬೇಕು; ಹೇಳುವವರ ಬಾಯಲ್ಲಿಯೂ ಒಂದು ಅಂಕಿ ಸಿದ್ಧವಾಗಿಯೇ ಇರುತ್ತದೆ. ಪೆಟ್ರೋಲು ಮತ್ತು ವಿದ್ಯುತ್ತು ಇವೆರಡರ ಬಲದಿಂದ ಓಡುವ ಹೈಬ್ರಿಡ್ ಕಾರಿನ ವಿಷಯದಲ್ಲಿ, ಅದರಲ್ಲಿಯೂ ಹದಿನೇಳು ವರ್ಷ ದುಡಿದು ಸವೆದ ಕಾರಿನ ವಿಷಯದಲ್ಲಿ, ಅಂತಹ ಒಂದೇ ಅಂಕಿ ಎಂಬುದು ಇಲ್ಲ. ಆರು ವರ್ಷಗಳಿಂದ ಅಂತಹದೊಂದು ಕಾರಿನ ಲೆಕ್ಕವನ್ನು ಬರೆಯುತ್ತ ಬಂದಿರುವ ನನಗೆ ಇದು ಸ್ಪಷ್ಟವಾಗಿದೆ. ಈ ಪತ್ರಿಕೆಯ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ಇಂತಹ ಕಾರುಗಳನ್ನು ಇಟ್ಟುಕೊಂಡಿದ್ದಾರೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೂ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್, 2022ರಿಂದ ಹೈರೈಡರ್, ಇನೋವಾ ಹೈಕ್ರಾಸ್ ಮುಂತಾದವು ಸಿದ್ಧವಾಗಿ ನಮ್ಮ ಊರುಗಳ ಬೀದಿಗೆ ಬಂದಿವೆ. ಅವೂ ಒಂದು ದಿನ ಹಳೆಯವಾಗುತ್ತವೆ. ಆದ್ದರಿಂದ ಈ ವಿಷಯ ಬರೆಯಲು ಯೋಗ್ಯವೆಂದು ಭಾವಿಸಿದ್ದೇನೆ.

ನನ್ನ ಮಗನ ಸಂಸಾರ ಇರುವುದು ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಕಾರುಗಳ ತವರೆಂದು ಹೆಸರಾದ ಆ ಊರಿನಲ್ಲಿ ಅವನು 2012ರಲ್ಲಿ ಕೊಂಡದ್ದು ಮಾತ್ರ ಜಪಾನಿನ ಕಾರು: ಟೊಯೋಟಾ ಪ್ರಿಯಸ್, 2008ರ ಮಾದರಿ. ಆಗಲೇ ಅದು 62 ಸಾವಿರ ಮೈಲಿ ಓಡಿತ್ತು. 2019ರಿಂದ ನಾನು ಮತ್ತು ನಮ್ಮ ಮನೆಯವರು ವರ್ಷದ ಹೆಚ್ಚಿನ ಭಾಗವನ್ನು ಅಲ್ಲಿಯೇ ಕಳೆಯುತ್ತಿದ್ದೇವೆ. ನಾನು ಕಾರು ನಡೆಸುವವನಲ್ಲ. ಚಾಲಕನ ಪಕ್ಕದ ಆಸನದಲ್ಲಿ ಕುಳಿತು ಲೆಕ್ಕ ಬರೆಯುವವನು. ಬಾಲ್ಯದಲ್ಲಿ ಮಠದಲ್ಲಿ ಓದುತ್ತಿದ್ದಾಗ ದಾಸೋಹದ ಉಗ್ರಾಣಕ್ಕೆ ಬಂದ ಜೋಳ, ಹೋದ ಜೋಳ ಎರಡನ್ನೂ ದಿನದಿನದ ಕಿರ್ದಿಯಲ್ಲಿ ಬರೆಯುವ ಕೆಲಸ ನಮ್ಮಂತಹ ಹುಡುಗರಿಗೇ ಬರುತ್ತಿತ್ತು. ಆ ಅಭ್ಯಾಸ ಕೈಬಿಟ್ಟಿಲ್ಲ. ಪೆಟ್ರೋಲು ಹಾಕಿಸಿದ ದಿನ, ಓಡಿದ ಮೈಲಿ, ತುಂಬಿದ ಗ್ಯಾಲನ್, ಹೊರಗಿನ ಉಷ್ಣತೆ, ಕಾರಿಗೆ ಮಾಡಿಸಿದ ದುರಸ್ತಿ, ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದೆ. ಮೊದಮೊದಲು ಮಗ ನಕ್ಕ. ಸೊಸೆ ಮಾತ್ರ, “ಬರೀರಿ ಮಾವಾ, ನಿಮಗೂ ಹೊತ್ತು ಹೋಗತದ” ಎಂದಳು.

ಈ ಕಾರಿನ ಒಳಮರ್ಮವನ್ನು ಎರಡು ಮಾತಿನಲ್ಲಿ ಹೇಳಬೇಕು. ಇದಕ್ಕೆ ಹೊರಗಿನಿಂದ ವಿದ್ಯುತ್ತನ್ನು ತುಂಬುವುದಿಲ್ಲ. ಒಂದೂವರೆ ಲೀಟರಿನ ಪೆಟ್ರೋಲ್ ಇಂಜಿನ್ನಿನ ಜೊತೆಗೆ ಎರಡು ವಿದ್ಯುತ್ ಯಂತ್ರಗಳಿವೆ. ಹಿಂದಿನ ಆಸನದ ಹಿಂಭಾಗದಲ್ಲಿ 28 ತುಂಡುಗಳನ್ನು ಜೋಡಿಸಿದ, ಸುಮಾರು 200 ವೋಲ್ಟಿನ ನಿಕಲ್ ಬ್ಯಾಟರಿ ಇದೆ. ಬ್ರೇಕು ಒತ್ತಿದಾಗ ಗಾಲಿಗಳೇ ಆ ಯಂತ್ರವನ್ನು ತಿರುಗಿಸಿ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಸಾಮಾನ್ಯ ಕಾರಿನಲ್ಲಿ ಬರಿಯ ಬಿಸಿಯಾಗಿ ಹೋಗುವ ಶಕ್ತಿ ಇಲ್ಲಿ ಬ್ಯಾಟರಿ ಸೇರುತ್ತದೆ. ಕಾರು ನಿಂತಾಗ ಇಂಜಿನ್ ತಾನಾಗಿಯೇ ಆರುತ್ತದೆ. ಬ್ಯಾಟರಿಯಿಂದ ಓಡಿದ್ದೆಲ್ಲ ಪುಕ್ಕಟೆ ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಬ್ಯಾಟರಿ ಎಂಬುದು ಹೊಲವಲ್ಲ, ಹಗೇವು. ಅದರಲ್ಲಿರುವ ಕಾಳೆಲ್ಲ ಮೊದಲು ಪೆಟ್ರೋಲಿನ ಹೊಲದಿಂದಲೇ ಬಂದದ್ದು. ಹಗೇವನ್ನು ಬರಿದು ಮಾಡುವಂತೆ ಉಸಿರು ಬಿಗಿಹಿಡಿದು ವಿದ್ಯುತ್ತಿನಿಂದಲೇ ತೆವಳಿಸಿದರೆ, ಅದನ್ನು ಮತ್ತೆ ತುಂಬಲು ಇಂಜಿನ್ ಹೆಚ್ಚು ದುಡಿಯಬೇಕು. ಉಳಿತಾಯವಾಗುವುದು ಬ್ರೇಕಿನಲ್ಲಿ ಮರಳಿ ಪಡೆದದ್ದರಿಂದ, ನಿಂತಾಗ ಇಂಜಿನ್ ಆರುವುದರಿಂದ, ಇಂಜಿನ್ನನ್ನು ಹದವಾದ ಭಾರದಲ್ಲಿಯೇ ದುಡಿಸುವುದರಿಂದ.

ಇನ್ನು ಸರಕಾರಿ ಅಂಕಿಯ ಮಾತು. ಈ ಮಾದರಿಯ ಕಾರು ಅಮೆರಿಕದ ಪೇಟೆಗೆ ಬಂದಾಗ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯ ಚೀಟಿಯ ಮೇಲೆ ಗ್ಯಾಲನ್ನಿಗೆ ಸರಾಸರಿ 55 ಮೈಲಿ ಎಂದು ಇತ್ತು. ಅಂದರೆ ಲೀಟರಿಗೆ 23 ಕಿಲೋಮೀಟರಿಗಿಂತ ತುಸು ಹೆಚ್ಚು. ಕೊಂಡವರಿಗೆ ಅಷ್ಟು ಬರಲಿಲ್ಲ. 2008ರ ಮಾದರಿಗಳಿಂದ ಆ ಸಂಸ್ಥೆ ತನ್ನ ಪರೀಕ್ಷಾ ಕ್ರಮವನ್ನೇ ಬದಲಾಯಿಸಿತು. ಹೆಚ್ಚಿನ ವೇಗ, ಏರ್ ಕಂಡೀಷನರಿನ ಬಳಕೆ, ಚಳಿಯಲ್ಲಿ ಇಂಜಿನ್ ಚಾಲೂ ಮಾಡುವುದು, ಇವೆಲ್ಲ ಲೆಕ್ಕಕ್ಕೆ ಬಂದವು. ಅದೇ ಕಾರಿನ ಅಂಕಿ 46ಕ್ಕೆ ಇಳಿಯಿತು. ಲೀಟರಿಗೆ ಸುಮಾರು ಹತ್ತೊಂಬತ್ತೂವರೆ ಕಿಲೋಮೀಟರು. ಕಾರು ಬದಲಾಗಲಿಲ್ಲ, ಅಳೆಯುವ ಕೊಳಗ ಬದಲಾಯಿತು. ನಮ್ಮ ದೇಶದಲ್ಲಿ ಪ್ರಚಾರ ಪತ್ರಗಳ ಮೇಲೆ ಅಚ್ಚಾಗುವ ಅಂಕಿಯೂ ಪ್ರಯೋಗಶಾಲೆಯಲ್ಲಿ ಉರುಳುಗಾಲಿಗಳ ಮೇಲೆ ಓಡಿಸಿ ಪಡೆದದ್ದೇ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಲೆಕ್ಕವನ್ನು ಹೇಗೆ ಹಿಡಿಯಬೇಕೆಂಬುದೂ ಒಂದು ವಿದ್ಯೆಯೇ. ಕಾರಿನ ನಡುವಿನ ಪರದೆಯ ಮೇಲೆ ಮೈಲೇಜು ಅಂಕಿಯಾಗಿ ಹೊಳೆಯುತ್ತದೆ. ಆದರೆ ತುಂಬಿದ ಪೆಟ್ರೋಲಿನಿಂದ ಓಡಿದ ಮೈಲಿಯನ್ನು ಭಾಗಿಸಿ ನೋಡಿದರೆ, ನಮ್ಮ ಕಾರಿನ ಪರದೆ ನೂರಕ್ಕೆ ನಾಲ್ಕರಷ್ಟು ಹೆಚ್ಚು ಹೇಳುತ್ತಿತ್ತು. ಇನ್ನೊಂದು ತೊಡಕೂ ಇದೆ. ಅಮೆರಿಕದಲ್ಲಿ ಮಾರಿದ ಈ ಮಾದರಿಯ ಪೆಟ್ರೋಲ್ ಟ್ಯಾಂಕಿನೊಳಗೆ, ಆವಿ ಹೊರಹೋಗದಂತೆ ತಡೆಯಲು, ಹಿಗ್ಗಿ ಕುಗ್ಗುವ ಚೀಲವೊಂದನ್ನು ಇಟ್ಟಿದ್ದಾರೆ. ಚಳಿಗೆ ಅದು ಬಿರುಸಾಗಿ, ಪೂರ್ತಿ ಹಿಗ್ಗದೆ, ಟ್ಯಾಂಕು ತುಂಬುವ ಮೊದಲೇ ಪಂಪು ನಿಂತುಬಿಡುತ್ತದೆ. ಒಂದು ಸಲ ತುಂಬಿದ್ದನ್ನು ನಂಬಿ ಲೆಕ್ಕ ಹಾಕಿದರೆ ಒಮ್ಮೆ 52, ಇನ್ನೊಮ್ಮೆ 39 ಎಂದು ಬಂದು ತಲೆ ಕೆಡುತ್ತದೆ. ನಾನು ಐದು ಸಲ ತುಂಬಿಸಿದ ಮೊತ್ತವನ್ನು ಕೂಡಿಸಿ ಸರಾಸರಿ ತೆಗೆಯುತ್ತೇನೆ.

ಋತುಮಾನದ ಪರಿಣಾಮ ಇಷ್ಟಿರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಜೂನ್ ತಿಂಗಳಲ್ಲಿ 48 ಕೊಡುವ ಕಾರು ಜನವರಿಯಲ್ಲಿ 37 ಕೊಡುತ್ತದೆ. ಲೀಟರಿಗೆ 20 ಕಿಲೋಮೀಟರು ಇದ್ದದ್ದು 16ಕ್ಕಿಂತ ಕೆಳಗೆ ಇಳಿಯುತ್ತದೆ. ಮಂಜು ಬಿದ್ದ ಬೆಳಗಿನಲ್ಲಿ ಒಳಗೆ ಕುಳಿತವರಿಗೆ ಬಿಸಿಗಾಳಿ ಬೇಕು. ಆ ಬಿಸಿ ಬರುವುದು ಇಂಜಿನ್ನಿನಿಂದಲೇ. ಆದ್ದರಿಂದ ನಿಂತಾಗಲೂ ಇಂಜಿನ್ ಆರುವುದಿಲ್ಲ. ಚಳಿಯಲ್ಲಿ ಬ್ಯಾಟರಿ ಮಂಕಾಗುತ್ತದೆ, ಗಾಳಿ ದಟ್ಟವಾಗುತ್ತದೆ, ಚಳಿಗಾಲಕ್ಕೆಂದು ಬೆರೆಸಿದ ಪೆಟ್ರೋಲಿನಲ್ಲಿ ಕಸುವು ತುಸು ಕಡಿಮೆ, ಟೈರಿನ ಗಾಳಿಯ ಒತ್ತಡವೂ ಇಳಿಯುತ್ತದೆ. ಇದನ್ನು ಬಲ್ಲ ಕಾರಿನ ನಿರ್ಮಾಪಕರು ಒಂದು ಜಾಣತನ ಮಾಡಿದ್ದಾರೆ. ಇಂಜಿನ್ನಿನ ಬಿಸಿನೀರನ್ನು, ನಮ್ಮ ಮನೆಯ ಚಹದ ಥರ್ಮಾಸಿನಂತೆಯೇ ಇರುವ ಪಾತ್ರೆಯಲ್ಲಿ ಕೂಡಿಟ್ಟು, ಮರುದಿನ ಇಂಜಿನ್ ಚಾಲೂ ಆಗುವ ಮುನ್ನ ಅದನ್ನು ಒಳಗೆ ಹರಿಸುವ ವ್ಯವಸ್ಥೆ ಅದು. ನನಗೆ ಈ ಕಾರಿನಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಈ ಥರ್ಮಾಸು! ಆದರೂ ಮಿಶಿಗನ್ನಿನ ಚಳಿಯ ಮುಂದೆ ಅದರ ಬಲ ಅಷ್ಟಕ್ಕಷ್ಟೇ. ಹೀಗಿರುವಾಗ ಮೇ ತಿಂಗಳ ಅಂಕಿಯನ್ನು ಹಿಂದಿನ ವರ್ಷದ ಮೇ ತಿಂಗಳ ಅಂಕಿಯೊಡನೆಯೇ ತೂಗಬೇಕು, ಏಪ್ರಿಲಿನೊಡನೆ ಅಲ್ಲ.

ಹಾಗೆ ತೂಗಿದ್ದರಿಂದಲೇ 2021ರಲ್ಲಿ ಒಂದು ರೋಗ ಪತ್ತೆಯಾಯಿತು. ಹಿಂದಿನ ಎರಡು ಮೇ ತಿಂಗಳುಗಳಲ್ಲಿ 48ರ ಸುತ್ತ ಇದ್ದ ಅಂಕಿ ಆ ವರ್ಷ 42ಕ್ಕೆ ಬಂದು ನಿಂತಿತು. “ಅಪ್ಪಾ, ಗಾಡಿಗೆ ವಯಸ್ಸಾಗೇದ. ಬ್ಯಾಟರಿ ಹೋಗಾಕತ್ತದ, ಮಾರಿಬಿಡೋದು ಛಲೋ” ಎಂದ ಮಗ. ನಾನು ಪುಸ್ತಕ ತಿರುವಿ ನೋಡಿದೆ. ನವೆಂಬರಿನಲ್ಲಿ ಹೊಸ ಟೈರು ಹಾಕಿಸಿದ ನಮೂದು ಇತ್ತು. ಮಾರ್ಚಿನಲ್ಲಿ, ಹತ್ತೇ ನಿಮಿಷದಲ್ಲಿ ಆಯಿಲ್ ಬದಲಿಸಿ ಕೊಡುವ ಅಂಗಡಿಯೊಂದಕ್ಕೆ ಹೋಗಿ ಬಂದ ನಮೂದು ಇತ್ತು. ಈ ಎರಡನ್ನೂ ಹಿಡಿದು ಒಬ್ಬ ವೃದ್ಧ ಮೆಕ್ಯಾನಿಕ್ಕನ ಬಳಿಗೆ ಹೋದೆವು.

ಅವನು ಮೊದಲು ಆಯಿಲಿನ ಅಳತೆಕಡ್ಡಿ ಎಳೆದು ನೋಡಿದ. ಈ ಇಂಜಿನ್ನಿಗೆ ನಾಲ್ಕು ಲೀಟರಿಗಿಂತ ಕಡಿಮೆ ಎಣ್ಣೆ ಸಾಕು. ಆ ಅಂಗಡಿಯವರು ಎಲ್ಲ ಕಾರುಗಳಿಗೂ ಸುರಿಯುವಂತೆ ಸುರಿದುಬಿಟ್ಟಿದ್ದರು. ಮೇಲಿನ ಗುರುತನ್ನು ದಾಟಿ ಒಂದು ಬೆರಳು ಹೆಚ್ಚು ಇತ್ತು. ಎಣ್ಣೆ ಹೆಚ್ಚಾದರೆ ಒಳಗಿನ ದಂಡಕ್ಕೆ ಅದನ್ನು ಕಡೆಯುವ ಕೆಲಸ ಬೀಳುತ್ತದೆ. ಹೊಸ ಟೈರುಗಳು ಅಗ್ಗದವು. ಸುಲಭವಾಗಿ ಉರುಳುವ ಜಾತಿಯವಲ್ಲ. ಅವುಗಳ ಗಾಳಿಯೂ 28 ಪೌಂಡಿಗೆ ಇಳಿದಿತ್ತು. ಬಾಗಿಲ ಅಂಚಿನ ಚೀಟಿಯಲ್ಲಿ ಇರುವುದು ಮುಂದೆ 35, ಹಿಂದೆ 33. ಇವೆರಡೂ ಸಣ್ಣ ಕಾರಣಗಳು. ದೊಡ್ಡ ಕಾರಣವನ್ನು ಅವನು ಕಂಡುಹಿಡಿದ ರೀತಿ ನೋಡಿ ನನಗೆ ನಮ್ಮೂರ ಹಳೆಯ ನಾಟಿ ವೈದ್ಯರ ನೆನಪಾಯಿತು. ಕಾರನ್ನು ಐದು ಮೈಲಿ ಓಡಿಸಿಕೊಂಡು ಬಂದು, ನಾಲ್ಕೂ ಗಾಲಿಗಳ ನಡುಭಾಗಕ್ಕೆ ಅಂಗೈಯನ್ನು ಹತ್ತಿರ ಒಡ್ಡಿ ನೋಡಿದ. ಮುಂದಿನ ಎಡಗಾಲಿ ಮಾತ್ರ ಒಲೆಯ ಮೇಲಿನ ಹಂಚಿನಂತೆ ಕಾದಿತ್ತು.

ಈ ಕಾರಿನ ಬ್ರೇಕುಗಳು ಬಹುಕಾಲ ಬಾಳುತ್ತವೆಂದು ಎಲ್ಲರೂ ಹೊಗಳುತ್ತಾರೆ. ವೇಗ ತಗ್ಗಿಸುವ ಹೆಚ್ಚಿನ ಕೆಲಸವನ್ನು ವಿದ್ಯುತ್ ಯಂತ್ರವೇ ಮಾಡುವುದರಿಂದ ಬ್ರೇಕಿನ ಪ್ಯಾಡುಗಳು ಲಕ್ಷ ಮೈಲಿಯಾದರೂ ಸವೆಯುವುದಿಲ್ಲ. ಆದರೆ ಸವೆಯದ ವಸ್ತುವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಮಿಶಿಗನ್ನಿನಲ್ಲಿ ಹಿಮ ಕರಗಲೆಂದು ಚಳಿಗಾಲವಿಡೀ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಸಿಡಿದು, ಪ್ಯಾಡನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಬಿಗಿದಿದ್ದವು. ಒತ್ತಿದ ಪ್ಯಾಡು ಹಿಂದಕ್ಕೆ ಸರಿಯುತ್ತಿರಲಿಲ್ಲ. ಕಾರು ತಿಂಗಳುಗಟ್ಟಲೆ ಒಂದು ಕಾಲನ್ನು ಎಳೆಯುತ್ತಲೇ ಓಡಿತ್ತು. ಪಿನ್ನುಗಳನ್ನು ಬದಲಿಸಿ, ಗ್ರೀಸು ಹಚ್ಚಿ, ಎಣ್ಣೆ ಹದಕ್ಕೆ ತಂದು, ಟೈರಿಗೆ ಗಾಳಿ ತುಂಬಿಸಿದ ಮೇಲೆ ಅಂಕಿ 46 ಮುಟ್ಟಿತು. ಉಳಿದ ಎರಡು ಮೈಲಿಯ ಕೊರತೆ ಆ ಟೈರುಗಳದೇ. ಅವು ಸವೆಯುವ ತನಕ ಸಹಿಸಿಕೊಂಡೆವು. ಖರ್ಚು 140 ಡಾಲರ್. ಬ್ಯಾಟರಿಗೂ ಆ ರೋಗಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಬ್ಯಾಟರಿಯ ಸರದಿ ಬಂದದ್ದು 2023ರ ಆಗಸ್ಟಿನಲ್ಲಿ. ಅದು ನಮ್ಮ ಮನೆಗೆ ಒಳ್ಳೆಯ ಕಾಲವಾಗಿರಲಿಲ್ಲ. ಜೂನ್ ತಿಂಗಳಲ್ಲಿ ಮಗನ ಕೆಲಸ ಹೋಗಿತ್ತು. ಹಿರಿಯ ಮೊಮ್ಮಗಳು ಮರುವರ್ಷ ಎಂಬತ್ತು ಮೈಲಿ ದೂರದ ಕಾಲೇಜಿಗೆ ಹೋಗುವವಳಿದ್ದಳು. ಈ ಹಳೆಯ ಕಾರನ್ನು ಅವಳಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಕೆಂಪು ತ್ರಿಕೋನದ ದೀಪ ಹೊತ್ತಿತು. ಕಾರಿನ ಕಸುವು ಕುಸಿಯಿತು. ಹೇಗೋ ಮನೆ ಸೇರಿದೆವು.

ಇಂತಹ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ದೊಡ್ಡ ಬ್ಯಾಟರಿಯನ್ನಲ್ಲ. ಕಾರಿನ ಹಿಂಬದಿಯ ಬಲಮೂಲೆಯಲ್ಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಇರುತ್ತದೆ. ಗಣಕಗಳನ್ನೆಲ್ಲ ಎಬ್ಬಿಸುವುದು ಅದೇ. ಅದು ಸೊರಗಿದರೆ ಪರದೆಯ ಮೇಲೆ ಅರ್ಥವಿಲ್ಲದ ದೀಪಗಳೆಲ್ಲ ಹೊತ್ತಿ, ಕಾರೇ ಕೆಟ್ಟಿತೆಂಬ ಭ್ರಮೆಯಾಗುತ್ತದೆ. ನಮ್ಮದನ್ನು ಪರೀಕ್ಷಿಸಿದೆವು, ಅದು ಸರಿಯಾಗಿತ್ತು. ದೋಷ ದೊಡ್ಡದರಲ್ಲಿಯೇ ಇತ್ತು. ಕಾರು ಮಾರುವ ಅಂಗಡಿಯೊಂದರಲ್ಲಿ 3,800 ಡಾಲರ್ ಆಗುತ್ತದೆಂದೂ, ಇಷ್ಟು ಹಳೆಯ ಗಾಡಿಗೆ ಅಷ್ಟು ಸುರಿಯುವ ಬದಲು ಹೊಸದನ್ನು ನೋಡಿರೆಂದೂ ಹೇಳಿದರು. ಹೊಸದು ಅವರ ಅಂಗಳದಲ್ಲಿಯೇ ನಿಂತಿತ್ತು.

ಅಂದು ರಾತ್ರಿ ಊಟವಾದ ಮೇಲೆ ನಾನು, ಮಗ ಮತ್ತು ಸೊಸೆ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆವು. ಮೊದಲು ಪೆಟ್ರೋಲಿನ ಲೆಕ್ಕ. ಮೊಮ್ಮಗಳು ವರ್ಷಕ್ಕೆ 8,000 ಮೈಲಿ ಓಡಿಸಿದಳೆನ್ನೋಣ. ಗ್ಯಾಲನ್ನಿಗೆ 45 ಮೈಲಿಯಂತೆ 178 ಗ್ಯಾಲನ್ ಬೇಕು. 30 ಮೈಲಿ ಕೊಡುವ ಸಾಧಾರಣ ಕಾರಿಗಾದರೆ 267 ಗ್ಯಾಲನ್. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೆ ವರ್ಷಕ್ಕೆ ಉಳಿಯುವುದು 311 ಡಾಲರ್ ಮಾತ್ರ. ಹೊರಗಿನ ಮೆಕ್ಯಾನಿಕ್ಕನ ಕೈಯಲ್ಲಿ ಹೊಸ ಬ್ಯಾಟರಿ ಹಾಕಿಸಲು 2,300 ಡಾಲರ್ ತಗಲುತ್ತಿತ್ತು. ಪೆಟ್ರೋಲಿನ ಉಳಿತಾಯದಿಂದಲೇ ಆ ಹಣ ಮರಳಬೇಕಾದರೆ ಏಳು ವರ್ಷ ದಾಟುತ್ತದೆ. ಅಷ್ಟು ಹೊತ್ತಿಗೆ ಕಾರಿಗೆ ಇಪ್ಪತ್ತೆರಡು ವರ್ಷ! ಆದ್ದರಿಂದ ಮೈಲೇಜಿನ ಹೆಸರಿನಲ್ಲಿ ಹಳೆಯ ಹೈಬ್ರಿಡ್ಡಿಗೆ ಬ್ಯಾಟರಿ ಹಾಕಿಸುತ್ತೇವೆಂಬುದು ಹುರುಳಿಲ್ಲದ ಮಾತು.

ತೂಗಬೇಕಾದದ್ದು ಬೇರೆ. 2021ರಿಂದ ಚಿಪ್ಪುಗಳ ಕೊರತೆಯ ಕಾರಣ ಹಳೆಯ ಕಾರುಗಳ ಬೆಲೆಯೇ ಏರಿತ್ತು. ನಂಬಬಹುದಾದ ಇನ್ನೊಂದು ಹಳೆಯ ಕಾರಿಗೆ ಹನ್ನೆರಡು ಸಾವಿರ ಡಾಲರ್ ಬೇಕು. ಕೆಲಸವಿಲ್ಲದ ಮನೆಗೆ ಅದು ಸಾಲ. ಸಾಲದ ಕಾರಿಗೆ ವಿಮೆಯೂ ದುಬಾರಿ, ಮಿಶಿಗನ್ನಿನಲ್ಲಂತೂ ಇನ್ನೂ ದುಬಾರಿ. ಅದರೆದುರು ನಮ್ಮ ಕಾರಿನ ಉಳಿದ ಅಂಗಗಳ ಸ್ಥಿತಿ ಏನು? ಅದಕ್ಕೆ ಉತ್ತರ ಪುಸ್ತಕದಲ್ಲಿತ್ತು. ಇಂಜಿನ್ ಎಣ್ಣೆ ಕುಡಿಯುತ್ತಿರಲಿಲ್ಲ; ಎರಡು ಬದಲಾವಣೆಗಳ ನಡುವೆ ಒಮ್ಮೆಯೂ ಎಣ್ಣೆ ಕೂಡಿಸಿದ ನಮೂದಿಲ್ಲ. ಗೇರಿನ ಎಣ್ಣೆಯನ್ನು ಎರಡು ಸಲ ಬದಲಿಸಿದ್ದೆವು. ಇನ್ವರ್ಟರಿನ ತಂಪುನೀರಿನ ಪಂಪು ಹೊಸದಿತ್ತು. ಅಡಿಭಾಗದ ತುಕ್ಕು ಮೇಲುಮೇಲಿನದು. ಮಗ ಬಹಳ ಹೊತ್ತು ಪುಟ ತಿರುವಿ, “ಹಾಕಿಸೋಣ ಬಿಡ್ರೀ ಅಪ್ಪಾ” ಎಂದ.

ಸಾವಿರದ ನೂರು ಡಾಲರಿಗೆ ರಿಪೇರಿ ಮಾಡಿದ ಬ್ಯಾಟರಿಯೂ ಸಿಗುತ್ತಿತ್ತು. 28 ತುಂಡುಗಳಲ್ಲಿ ಸತ್ತ ಒಂದೆರಡನ್ನು ತೆಗೆದು ಬೇರೆ ಜೋಡಿಸಿ ಕೊಡುತ್ತಾರೆ. ಅದು ಮುದಿ ಎತ್ತಿನ ಜೊತೆಗೆ ಹೋರಿಯನ್ನು ಹೂಡಿದಂತೆ. ಉಳಿದವೂ ಅದೇ ವಯಸ್ಸಿನವಾದ್ದರಿಂದ ಕೆಲವೇ ತಿಂಗಳಲ್ಲಿ ಇನ್ನೊಂದು ಸಾಯುತ್ತದೆ. ಮಗಳು ಒಬ್ಬಳೇ ರಾತ್ರಿ ಹೆದ್ದಾರಿಯಲ್ಲಿ ಓಡಿಸುವ ಕಾರಿಗೆ ಅದು ಬೇಡವೆಂದು ಸೊಸೆ ಖಂಡಿತವಾಗಿ ಹೇಳಿದಳು. ಅವಳ ಮಾತೇ ನಡೆಯಿತು. ಹೊಸ ಬ್ಯಾಟರಿ ಬಂತು.

ಹಳೆಯದನ್ನು ಬಿಚ್ಚಿದಾಗ ಕಂಡದ್ದನ್ನು ವಾಚಕರು ಗಮನವಿಟ್ಟು ಓದಬೇಕು. ಈ ಬ್ಯಾಟರಿಯನ್ನು ತಂಪಾಗಿಡುವುದು ನಾವು ಕುಳಿತ ಜಾಗದ ಗಾಳಿಯೇ. ಹಿಂದಿನ ಆಸನದ ಬಲಮಗ್ಗುಲಲ್ಲಿ ಒಂದು ಜಾಲರಿ ಇದೆ. ಅದರ ಮೂಲಕ ಪುಟ್ಟ ಫ್ಯಾನೊಂದು ಗಾಳಿಯನ್ನು ಸೆಳೆಯುತ್ತದೆ. ಆ ಮೂಲೆಯಲ್ಲಿಯೇ ಮಕ್ಕಳ ಕೋಟು, ಶಾಲೆಯ ಚೀಲ, ಕಂಬಳಿ ಬೀಳುವುದು ವಾಡಿಕೆ. ಫ್ಯಾನಿನ ಎಲೆಗಳ ನಡುವೆ ಹತ್ತಿಯ ಜುಂಗು, ಕೂದಲು, ಧೂಳು ಸೇರಿ ಕಂಬಳಿಯಂತೆ ಹೆಣೆದುಕೊಂಡಿತ್ತು. ಉಸಿರು ಕಟ್ಟಿದ ಬ್ಯಾಟರಿ ವರ್ಷಾನುಗಟ್ಟಲೆ ಬಿಸಿಯಲ್ಲಿ ಬೆಂದಿತ್ತು. ಶಾಖವೇ ಇಂತಹ ಬ್ಯಾಟರಿಯ ಆಯುಷ್ಯವನ್ನು ತಿನ್ನುವ ಗೆದ್ದಲು. ಮೆಕ್ಯಾನಿಕ್ಕನ ಪ್ರಕಾರ, ಎರಡು ವರ್ಷಕ್ಕೊಮ್ಮೆ ಆ ಫ್ಯಾನನ್ನು ತೆಗೆದು ಒರೆಸಿದ್ದರೆ ಬ್ಯಾಟರಿ ಇನ್ನೂ ಕೆಲಕಾಲ ಬಾಳುತ್ತಿತ್ತು. ಆದರೆ ಇದನ್ನು ಓದಿ ಯಾರೂ ತಾವೇ ಬಿಚ್ಚಲು ಹೋಗಬಾರದು. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತಿರುತ್ತದೆ. ಹೊರಗಿನ ಜಾಲರಿಯನ್ನು ಒರೆಸುವುದು, ಅದರ ಮುಂದೆ ಏನನ್ನೂ ಇಡದಿರುವುದು ಮನೆಯವರ ಕೆಲಸ. ಒಳಗಿನದು ಬಲ್ಲವರ ಕೆಲಸ.

ಕಲಬುರಗಿ, ರಾಯಚೂರು ಕಡೆಯ ಬಂಧುಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಎರೆಮಣ್ಣಿನ ಧೂಳು ಬೇರೆ. ಅಂಗಡಿಯವರು ಇಲ್ಲಿ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಕೊಡುತ್ತಾರೆ. ಕೊಂಡ ಮೊದಲ ವಾರದಲ್ಲಿಯೇ ಕೈಪಿಡಿ ತೆರೆದು, ನಿಮ್ಮ ಕಾರಿನ ಬ್ಯಾಟರಿ ಯಾವ ಕಡೆಯಿಂದ ಗಾಳಿ ಸೆಳೆಯುತ್ತದೆಂದು ನೋಡಿಕೊಳ್ಳಿರಿ. ಬಿಸಿಲಲ್ಲಿ ನಿಂತ ಕಾರನ್ನು ಏರಿದಾಗ ಏರ್ ಕಂಡೀಷನರ್ ಹಾಕುವುದಕ್ಕೆ ಜಿಪುಣತನ ಬೇಡ. ಒಳಗಿನ ಗಾಳಿಯಿಂದ ತಂಪಾಗುವ ಕಾರುಗಳಲ್ಲಿ ಆ ತಂಪು ಬ್ಯಾಟರಿಗೂ ಸಲ್ಲುತ್ತದೆ.

ಹೊಸ ಬ್ಯಾಟರಿಯಿಂದ ಮೈಲೇಜು ಎಷ್ಟು ಏರಿತೆಂದು ಕೇಳುವವರಿದ್ದಾರೆ. ಹೆಚ್ಚೇನಿಲ್ಲ, ಸೆಪ್ಟೆಂಬರಿನ ಐದು ತುಂಬುವಿಕೆಗಳ ಸರಾಸರಿ 47. ಕೆಡುವ ಮುಂಚಿನ ತಿಂಗಳುಗಳಲ್ಲಿ 44ಕ್ಕೆ ಇಳಿದಿತ್ತು. ಅದೇ ಡಿಸೆಂಬರಿನಲ್ಲಿ ಮಗನಿಗೆ ಬೇರೆ ಕೆಲಸ ದೊರೆಯಿತು. ಅದರ ಮುಂದಿನ ಖರ್ಚು ಕಾರಿನ ರೋಗದ್ದಲ್ಲ, ಕಳ್ಳರ ಭಯದ್ದು. ಈ ಮಾದರಿಯ ಸೈಲೆನ್ಸರ್ ಕೊಳವೆಯಲ್ಲಿ ಹೊಗೆ ಶುದ್ಧಿ ಮಾಡುವ ಪಾತ್ರೆಯೊಂದಿದೆ. ಇಂಜಿನ್ ಕಡಿಮೆ ದುಡಿಯುವುದರಿಂದ ಅದರೊಳಗಿನ ಬೆಲೆಬಾಳುವ ಲೋಹಗಳು ಹೆಚ್ಚು ಉಳಿದಿರುತ್ತವೆ. ಅದಕ್ಕಾಗಿ ರಾತ್ರೋರಾತ್ರಿ ಗರಗಸ ಹಿಡಿದು ಅದನ್ನು ಕೊಯ್ದೊಯ್ಯುವ ಕಳವು ಅಮೆರಿಕದಲ್ಲೆಲ್ಲ ಹಬ್ಬಿತ್ತು. ಕಾಲೇಜಿನ ಬಯಲಿನಲ್ಲಿ ನಿಲ್ಲುವ ಕಾರೆಂದು ಅದರ ಅಡಿಗೆ ಲೋಹದ ತಗಡೊಂದನ್ನು ಬಿಗಿಸಿದೆವು.

2024ರ ಆಗಸ್ಟಿನಲ್ಲಿ ಮೊಮ್ಮಗಳು ಕಾರನ್ನು ತೆಗೆದುಕೊಂಡು ಹೋದಳು. ಪುಸ್ತಕವನ್ನೂ ಅವಳ ಕೈಗೆ ಕೊಟ್ಟೆ. ಕನ್ನಡ ಬರೆಯಲು ಬಾರದವಳಾದ್ದರಿಂದ ಕಲಂಗಳ ತಲೆಬರಹ ಮಾತ್ರ ನನ್ನದು, ಅಂಕಿಗಳು ಅವಳವು. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುವಾಗ ಮೊದಲು, “ಅಜ್ಜಾ, ಫಾರ್ಟಿ-ಸಿಕ್ಸ್!” ಎಂದು ಕೂಗುತ್ತಿದ್ದವಳು 2025ರ ಫೆಬ್ರವರಿಯಲ್ಲಿ ಸಪ್ಪೆ ದನಿಯಲ್ಲಿ 34 ಎಂದಳು. ವಸತಿಗೃಹದಿಂದ ಅಂಗಡಿಗೆ ಒಂದೂವರೆ ಮೈಲಿ, ಗ್ರಂಥಾಲಯಕ್ಕೆ ಎರಡು ಮೈಲಿ. ಇಂಜಿನ್ ಬಿಸಿಯಾಗುವ ಮೊದಲೇ ದಾರಿ ಮುಗಿಯುತ್ತಿತ್ತು. ವಾರದ ಓಡಾಟಗಳನ್ನು ಕೂಡಿಸಿ ಒಂದೇ ಸುತ್ತಿನಲ್ಲಿ ಮುಗಿಸು, ಉಳಿದ ದಿನ ನಡೆದೇ ಹೋಗು ಎಂದೆ. ಮಾರ್ಚಿನ ಅಂಕಿ 39ಕ್ಕೆ ಬಂತು.

ವಸಂತದ ರಜೆಗೆ ಅವಳು ಮನೆಗೆ ಬಂದಾಗ ಅದೇ ವೃದ್ಧ ಮೆಕ್ಯಾನಿಕ್ಕನ ಬಳಿ ಕಾರನ್ನು ಮತ್ತೆ ತೋರಿಸಿದೆವು. ಫ್ಯಾನು ಶುಭ್ರವಾಗಿದೆ, ಮುಂದಿನ ಬ್ರೇಕುಗಳು ಸರಿಯಾಗಿ ಸರಿಯುತ್ತಿವೆ, ಹಿಂದಿನ ಡ್ರಮ್ಮುಗಳಲ್ಲಿ ತುಕ್ಕು ಏರುತ್ತಿದೆ ಎಂದ. ಅವುಗಳ ದುರಸ್ತಿಗೆ 300 ಡಾಲರನ್ನು ಸೊಸೆ ಬೇರೆ ತೆಗೆದಿಟ್ಟಿದ್ದಾಳೆ.